ಬಡಿಸುವ ಮೊದಲು ಕೇಳಬೇಕಾದ ಮಾತು

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಹದಿನಾರು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ್ದೇನೆ. ಏಳು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಕ್ರಿಸ್‌ಮಸ್ ರಜೆಯನ್ನು ಒಂದು ವರ್ಷ ಅಲ್ಲಿ, ಮರುವರ್ಷ ಊರಿನಲ್ಲಿ ಕಳೆಯುವುದು ನಮ್ಮ ಮನೆಯ ರೂಢಿ. ಎರಡೂ ಕಡೆಯ ಹಬ್ಬದೂಟ ಉಂಡ ಮೇಲೆ ನನಗೆ ಮನದಟ್ಟಾಗಿರುವುದು ಇಷ್ಟು: ಸಿಹಿ ಎರಡು ಕಡೆಯೂ ಬೇಕಾದಷ್ಟಿದೆ, ಆದರೆ ಉಣ್ಣುವವನನ್ನು ಮೊದಲೇ ವಿಚಾರಿಸುವ ಪದ್ಧತಿ ಅಲ್ಲಿದೆ, ನಮ್ಮಲ್ಲಿ ಅಪರೂಪ, ಹಬ್ಬದ ದಿನಗಳಲ್ಲಿ ನಮ್ಮವರ ಸಕ್ಕರೆ ಅಂಕೆ ತಪ್ಪುವುದಕ್ಕೆ ಅದು ಸಣ್ಣ ಕಾರಣವಲ್ಲ.

ಲೀಡ್ಸ್‌ನಲ್ಲಿ ನಮ್ಮನ್ನು ಊಟಕ್ಕೆ ಕರೆಯುವ ಪಕ್ಕದ ಮನೆಯ ಹಿರಿಯರು ಎರಡು ವಾರ ಮುಂಚೆಯೇ ಕೇಳುತ್ತಾರೆ: ಯಾರಿಗೆ ಏನು ಆಗುವುದಿಲ್ಲ, ಔಷಧಕ್ಕೆ ಹೊಂದುವಂತೆ ಎಷ್ಟು ಗಂಟೆಗೆ ಊಟವಾಗಬೇಕು. ಕ್ರಿಸ್‌ಮಸ್ ಊಟ ಮಧ್ಯಾಹ್ನ ಮೂರಕ್ಕೆ ಏರುವುದೂ ಉಂಟಾದ್ದರಿಂದ ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. ಒಣಹಣ್ಣಿನ ಹೂರಣ ತುಂಬಿದ ಮಿನ್ಸ್ ಪೈ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು, ಆದರೂ ಒಂದರಲ್ಲಿ, ಜೀರ್ಣವಾದಾಗ ರಕ್ತದ ಸಕ್ಕರೆಯನ್ನು ಏರಿಸುವ ಕಾರ್ಬೋಹೈಡ್ರೇಟ್ ಸುಮಾರು 30 ಗ್ರಾಂ ಇರುತ್ತದೆ. ಪೊಟ್ಟಣದ ಮೇಲೆ ಅದನ್ನು ಮುದ್ರಿಸಿರುವುದರಿಂದ, ಪೈ ತಿನ್ನುವುದಾದರೆ ಹುರಿದ ಆಲೂಗಡ್ಡೆಯನ್ನು ಕಡಿಮೆ ಮಾಡಬೇಕೆಂಬ ಲೆಕ್ಕ ಹಾಕಬಹುದು. ಒಮ್ಮೆ ಬೇಡ ಎಂದರೆ ತಟ್ಟೆ ಮುಂದಿನವರ ಕಡೆಗೆ ಹೋಗುತ್ತದೆ. ಡಿಸೆಂಬರ್ 25, 26 ಮತ್ತು ಜನವರಿ 1 ಸಾರ್ವತ್ರಿಕ ರಜೆಗಳಾದ್ದರಿಂದ ಮಾತ್ರೆಗಳನ್ನು ಮುಂಚೆಯೇ ತರಿಸಿಟ್ಟುಕೊಳ್ಳುತ್ತೇವೆ. 26ರಂದು ಮನೆಮಂದಿಯೆಲ್ಲ ಸೇರಿ ದೂರ ನಡೆದು ಬರುವ ಒಳ್ಳೆಯ ರೂಢಿಯೂ ಅಲ್ಲಿದೆ. ಹಾಗೆಂದು ಅಲ್ಲಿಯದೆಲ್ಲವೂ ಮೇಲು ಎಂದು ನಾನು ಹೇಳಲಾರೆ. ಹಬ್ಬದ ದಿನಗಳಲ್ಲಿ ಧಾರಾಳವಾಗಿ ಕುಡಿಯುವ ಮದ್ಯವು, ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಒದಗಿಸುವುದನ್ನು ತಡೆದು, ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆಯನ್ನು ಹಲವು ಗಂಟೆಗಳ ನಂತರವೂ ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಒಂಟಿಯಾಗಿರುವವರು ನಡುರಾತ್ರಿ ಬೆವರಿ ನಡುಗಿದರೆ ನೋಡುವವರು ಯಾರೂ ಇರುವುದಿಲ್ಲ.

ಊರಿನ ಡಿಸೆಂಬರ್ ಬೇರೆಯೇ. ಅದು ಧನುರ್ಮಾಸ, ಅಡಿಕೆ ಕೊಯ್ಲಿನ ಕಾಲ. ಚಳಿಯಲ್ಲಿ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ಮೂರು ನಾಲ್ಕು ಸಲ ಕಾಫಿ ಬರುತ್ತದೆ, ಪ್ರತಿ ಸಲವೂ ಸಕ್ಕರೆ ಬೆರೆಸಿಯೇ ಬರುತ್ತದೆ. ಬೆಳಗ್ಗೆ ಕಡುಬು ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಕಾಯಿಲೆಗೆ ಸಕ್ಕರೆಯ ಹೆಸರು ಬಿದ್ದಿರುವುದರಿಂದ ಪಾಯಸ ಬಿಟ್ಟರೆ ಪಥ್ಯ ಮುಗಿಯಿತೆಂದು ಜನ ತಿಳಿಯುತ್ತಾರೆ; ಒಂದು ಬಟ್ಟಲು ತುಂಬ ಅನ್ನದಲ್ಲಿ 40 ಗ್ರಾಂಗೂ ಹೆಚ್ಚು ಕಾರ್ಬೋಹೈಡ್ರೇಟ್ ಇದೆಯೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ದೋಸೆಯ ಮೇಲೆ ಜೋನಿ ಬೆಲ್ಲ ಸುರಿಯುತ್ತ, "ಇದು ಸಕ್ಕರೆ ಅಲ್ಲವಲ್ಲ, ಆಲೆಮನೆಯಿಂದ ತಂದದ್ದು" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಕಬ್ಬಿನ ಹಾಲು ಕಾಸಿ ತೆಗೆದ ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ.

ಎರಡು ವರ್ಷದ ಹಿಂದೆ, ರಜೆಗೆ ಹೋಗಿದ್ದಾಗ, ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಬೆಳಗಿನಿಂದ ಉಪವಾಸವಿದ್ದ ಭಾವ ದಿನದ ವಾಡಿಕೆಯಂತೆ ಸಕ್ಕರೆ ಇಳಿಸುವ ಮಾತ್ರೆಯನ್ನು ಮಾತ್ರ ನುಂಗಿದ್ದರು. ಕಥೆ ಮುಗಿದು ಮಂಗಳಾರತಿಗೆ ಏಳುವಾಗ ಎರಡು ಗಂಟೆಯಾಗಿತ್ತು. ಆ ಚಳಿಯಲ್ಲೂ ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ನಡುಗಿ, ಹರಿವಾಣದೊಳಗಿನ ಹಲಗಾರತಿ ಟಕಟಕನೆ ಸದ್ದು ಮಾಡುತ್ತಿತ್ತು. ಆಯಾಸವೆಂದು ಯಾರೋ ಗಾಳಿ ಬೀಸತೊಡಗಿದರು. ನಾನು ನನ್ನ ಸಕ್ಕರೆ ಅಳೆಯುವ ಯಂತ್ರ ತಂದು, ಹೊಸ ಸೂಜಿ ಹಾಕಿ ಅವರ ಬೆರಳು ಚುಚ್ಚಿ ನೋಡಿದೆ: 3.0. ಇಂಗ್ಲೆಂಡಿನ ಯಂತ್ರ ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮವರು ಬಳಸುವ ಮಿಲಿಗ್ರಾಂ ಲೆಕ್ಕ ಸಿಗುತ್ತದೆ, ಅಂದರೆ 54. ಔಷಧ ತೆಗೆದುಕೊಳ್ಳುವವರಲ್ಲಿ 70ರಿಂದ ಕೆಳಗಿಳಿದರೆ ತಡಮಾಡುವಂತಿಲ್ಲ. ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ತರುವಷ್ಟರಲ್ಲಿ ಸೋದರತ್ತೆ ನನ್ನ ಕೈ ಹಿಡಿದರು: "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರು ಕೊಡುತ್ತೀಯಲ್ಲ, ನಿನಗೇನು ಬಂತು?" ಅವರದು ಕಾಳಜಿಯೇ, ಮತ್ತು ಆ ಹೊತ್ತಿನಲ್ಲಿ ಅದು ಜೀವಕ್ಕೆ ಎರವಾಗಬಹುದಾಗಿದ್ದ ಕಾಳಜಿ. ಭಾವ ಕುಡಿದರು, ಹದಿನೈದು ನಿಮಿಷದ ಮೇಲೆ ಯಂತ್ರ 4.6, ಅಂದರೆ ಸುಮಾರು 83, ತೋರಿಸಿತು, ಕೂಡಲೇ ಅವರಿಗೆ ಊಟ ಬಡಿಸಿದೆವು.

ಮಲೆನಾಡಿನ ಉಪಚಾರ ನನಗೆ ಪರಕೀಯವಲ್ಲ. ನಾನು ಅದರಲ್ಲೇ ಬೆಳೆದವನು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ "ನಮ್ಮ ಮನೆಗೆ ಬಂದು ಬೇಡ ಅಂದರೆ ಹೇಗೆ" ಎನ್ನುತ್ತ ಹೋಳಿಗೆಯನ್ನು ಕೈಯ ಮೇಲೆಯೇ ಇಡುವವರ ಮನಸ್ಸು ಎಂಥದೆಂದು ನನಗೆ ಗೊತ್ತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ, ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ. ಐವತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಐದಾರು ಜನರಾದರೂ ಇದ್ದಾರೆಂದು ಇಟ್ಟುಕೊಂಡೇ ಬಡಿಸಬೇಕಾದ ಕಾಲವಿದು, ಮತ್ತು ಅವರಲ್ಲಿ ಹಲವರು ಸಂಕೋಚದಿಂದ ಬಾಯಿ ಬಿಡುವುದಿಲ್ಲ.

ಹೀಗೆ ವಿಚಾರಿಸಿ ಬಡಿಸುವುದು ನಮ್ಮ ನೆಲದಲ್ಲಿ ಆಗದ ಮಾತೇನಲ್ಲ. ಶಿವಮೊಗ್ಗದಲ್ಲಿ ಅಕ್ಕನ ಮಗಳ ನೆರೆಮನೆಯವರು ಕೊಂಕಣಿ ಮಾತಾಡುವ ಕ್ರೈಸ್ತರು. ಕ್ರಿಸ್‌ಮಸ್‌ಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಹಂಚುವಾಗ ನೆವ್ರಿ, ಕಿಡಿಯೊ ಎಂಬ ಸಿಹಿಗಳ ದೊಡ್ಡ ತಟ್ಟೆಯನ್ನು ಮಕ್ಕಳ ಕೈಗೆ ಕೊಟ್ಟು, ನನಗೆಂದು ಒಂದು ಚಿಕ್ಕ ಡಬ್ಬಿಯಲ್ಲಿ ಎರಡು ನೆವ್ರಿಯನ್ನೂ ಒಂದು ಹಿಡಿ ಹುರಿದ ಶೇಂಗಾವನ್ನೂ ಇಟ್ಟಿದ್ದರು. ನಮ್ಮ ಬಾಳೆಲೆಯ ಕ್ರಮವೂ ಅನುಕೂಲವಾಗಿಯೇ ಇದೆ: ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮೊದಲು ಎಲೆಗೆ ಬೀಳುತ್ತವೆ. ಅವನ್ನು ಸಾರನ್ನಕ್ಕೆ ನೆಂಚಿಕೊಳ್ಳಲು ಉಳಿಸದೆ ಮೊದಲೇ ತಿಂದು, ಅನ್ನವನ್ನು ಆಮೇಲೆ ಉಂಡರೆ ರಕ್ತದಲ್ಲಿ ಸಕ್ಕರೆ ಏರುವ ವೇಗ ತಗ್ಗುತ್ತದೆ. ಪಾನಕ, ಪಾಯಸಗಳನ್ನು ಕೇಳಿ ಬಡಿಸಿದರೆ ಉಳಿದದ್ದನ್ನು ಉಣ್ಣುವವನೇ ನೋಡಿಕೊಳ್ಳುತ್ತಾನೆ. ಊಟವಾದ ಕೂಡಲೇ ಅಡ್ಡಾಗದೆ ತೋಟದ ಕಡೆಗೆ ಕಾಲು ಗಂಟೆ ನಡೆದು ಬಂದರೆ ಇನ್ನೂ ಒಳ್ಳೆಯದು.

ಆ ಘಟನೆಯ ನಂತರ ಭಾವ ವೈದ್ಯರನ್ನು ಕಂಡು, ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ಬರೆಸಿಕೊಂಡು ಬಂದರು. ಅಡಿಕೆ ಸುಲಿಯುವ ಅಂಗಳಕ್ಕೆ ಈಗ ಎರಡು ಫ್ಲಾಸ್ಕ್‌ಗಳು ಬರುತ್ತವೆ, ಸಕ್ಕರೆ ಹಾಕದ ಫ್ಲಾಸ್ಕಿನ ಹಿಡಿಕೆಗೆ ಅಕ್ಕ ಬಾಳೆನಾರು ಕಟ್ಟಿರುತ್ತಾಳೆ. ಈ ಡಿಸೆಂಬರಿಗೆ ನಾವು ಮತ್ತೆ ಊರಿಗೆ ಹೊರಟಿದ್ದೇವೆ. ಮೊನ್ನೆ ಫೋನ್ ಮಾಡಿದಾಗ, ಪೂಜೆಯನ್ನು ಬೆಳಗ್ಗೆ ಏಳಕ್ಕೇ ಶುರು ಮಾಡುವಂತೆ ಭಟ್ಟರಿಗೆ ಹೇಳಿದ್ದಾಗಿ ತಿಳಿಸಿ ಅಕ್ಕ ಕೇಳಿದಳು: "ನಿನ್ನ ಮಾತ್ರೆ ಎಷ್ಟು ಗಂಟೆಗೆ ಮಾರಾಯ, ಎಲೆ ಯಾವಾಗ ಹಾಕಬೇಕು?"