ಬಿಸಿನೀರಿಗೆ ವಿದ್ಯುತ್ತೋ ಗ್ಯಾಸೋ: ಒಂದು ಸ್ಪಷ್ಟನೆ

ಪುಣೆಯ ವಾಕಡ್, ಹಿಂಜವಡಿ ಕಡೆಯ ಹೊಸ ವಸತಿ ಸಮುಚ್ಚಯಗಳಲ್ಲಿ ಮನೆ ಕಾಯ್ದಿರಿಸಿರುವ ಕನ್ನಡಿಗರ ನಡುವೆ ಒಂದು ಸಂದೇಶ ಹರಿದಾಡುತ್ತಿದೆ. ವಿದ್ಯುತ್ ಗೀಸರ್ ಪಡೆದ ಶಕ್ತಿಯನ್ನೆಲ್ಲ ಶಾಖವಾಗಿಸುತ್ತದೆ, ಗ್ಯಾಸ್ ಗೀಸರ್ ಐದನೇ ಒಂದು ಪಾಲನ್ನು ಹೊಗೆಯಲ್ಲಿ ಕಳೆಯುತ್ತದೆ, ಆದ್ದರಿಂದ ವಿದ್ಯುತ್ತೇ ಅಗ್ಗ ಎಂಬುದು ಅದರ ವಾದ. ಮೊದಲೆರಡು ಮಾತು ಬಹುಮಟ್ಟಿಗೆ ನಿಜ; ತೀರ್ಮಾನ ಮಾತ್ರ ಅವುಗಳಿಂದ ಹೊರಡುವುದಿಲ್ಲ.

25 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ಏರಿಸಲು ಸುಮಾರು 0.73 ಯೂನಿಟ್ (ಕಿಲೋವಾಟ್-ಗಂಟೆ) ಶಾಖ ಬೇಕು. ಒಂದು ಘನ ಮೀಟರ್ ಕೊಳವೆ ಗ್ಯಾಸಿನಲ್ಲಿ ಸುಮಾರು 10 ಯೂನಿಟ್‌ನಷ್ಟು ಶಾಖವಿದ್ದು, ನಷ್ಟ ಕಳೆದು 8 ಯೂನಿಟ್ ನೀರಿಗೆ ಸೇರುತ್ತದೆ. ಹಾಗಾಗಿ ಘನ ಮೀಟರಿನ ಬೆಲೆ ವಿದ್ಯುತ್ ಯೂನಿಟ್ ದರದ ಎಂಟು ಪಟ್ಟಿಗಿಂತ ಕಡಿಮೆಯಿರುವವರೆಗೂ ಉರಿಸುವ ಖರ್ಚಿನಲ್ಲಿ ಗ್ಯಾಸೇ ಅಗ್ಗ. ಇಲ್ಲಿ ಹಿಡಿಯಬೇಕಾದದ್ದು ಬಿಲ್ಲಿನ ಮೊದಲ ಸಾಲಿನ ದರವನ್ನಲ್ಲ (ಜನ ಎಡವುವುದೇ ಇಲ್ಲಿ): ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿಯಾದ ಮಹಾವಿತರಣದ ಬಿಲ್ಲಿನಲ್ಲಿ ಬಳಕೆ ಏರಿದಂತೆ ದರವೂ ಮೆಟ್ಟಿಲೇರುತ್ತದೆ, ಗೀಸರಿನ ಹೆಚ್ಚುವರಿ ಯೂನಿಟ್‌ಗಳು ಬೀಳುವುದು ಮೇಲಿನ ಮೆಟ್ಟಿಲಿಗೆ, ಜೊತೆಗೆ ಪ್ರತಿ ಯೂನಿಟ್‌ಗೂ ವಹನ ಶುಲ್ಕ (ವಿದ್ಯುತ್ತನ್ನು ತಂತಿಗಳ ಮೂಲಕ ತಲುಪಿಸುವುದಕ್ಕೆ) ಬೇರೆ.

ಹಾಗೆಂದು ಇದನ್ನು ಗ್ಯಾಸ್ ಪರ ತೀರ್ಪೆಂದು ಓದಬಾರದು. ಕೊಳವೆ ಗ್ಯಾಸ್ ಗಾಳಿಗಿಂತ ಹಗುರ, ಆದ್ದರಿಂದ ಬಚ್ಚಲಲ್ಲೂ ಅಪಾಯವಿಲ್ಲ ಎಂಬ ಮರುವಾದವೂ ತಪ್ಪೇ. ಮುಚ್ಚಿದ ಬಚ್ಚಲಲ್ಲಿ ಜೀವ ತೆಗೆಯುವುದು ಸೋರಿಕೆಗಿಂತ ಹೆಚ್ಚಾಗಿ ಅರೆಬರೆ ಉರಿಯಿಂದ ಹುಟ್ಟುವ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್. ಗ್ಯಾಸ್ ಗೀಸರಿಗೆ ಗಾಳಿಯಾಡುವ ಬಾಲ್ಕನಿಯಲ್ಲಿ ಜಾಗವಿಲ್ಲದ ನಕ್ಷೆಯಲ್ಲಿ ವಿದ್ಯುತ್ತೇ ಸರಿ. ಸುತ್ತಲ ಗಾಳಿಯ ಶಾಖವನ್ನು ಹೀರಿ ನೀರಿಗೆ ಸೇರಿಸುವ ಹೀಟ್ ಪಂಪ್ ಆದರೆ ಒಂದು ವಿದ್ಯುತ್ ಯೂನಿಟ್‌ಗೆ ಸುಮಾರು ಮೂರು ಯೂನಿಟ್ ಶಾಖ ಕೊಡುವುದರಿಂದ, ಮೇಲಿನ ಎಂಟು ಪಟ್ಟಿನ ಲೆಕ್ಕ ಮೂರು ಪಟ್ಟಿಗಿಂತ ಕೆಳಗಿಳಿಯುತ್ತದೆ.