ಟಿಬಿ ಡ್ಯಾಮ್: ಕಮಾಂಡ್ ನಾಟ್ ಫೌಂಡ್

ಪೈನ್‌ಫೋನ್ ಅನ್ನೋ ಲಿನಕ್ಸ್ ಫೋನಿನಲ್ಲಿ ಮೋಬಿಯನ್ (ಫೋನಿಗೆ ಹೊಂದಿಸಿದ ಡೆಬಿಯನ್ ಲಿನಕ್ಸ್) ಹಾಕಿಕೊಂಡು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕರಿ ಪರದೆಯಲ್ಲಿ, ಕೆಲಸ ಮಾಡುವವರಿಗೆ ಮೇಲ್ಮುಖದ ಬಾಣವೇ ಜೀವ. ಅಷ್ಟು ಪುಟ್ಟ ಕೀಬೋರ್ಡಿನಲ್ಲಿ ಸಾಫ್ಟ್‌ವೇರ್ ಹೊಸದು ಮಾಡಲು 'ಸುಡೋ ಆಪ್ಟ್ ಅಪ್‌ಗ್ರೇಡ್' ಅಂತ ಮತ್ತೆ ಮತ್ತೆ ಯಾರು ಕುಟ್ಟುತ್ತಾರೆ? ಬಾಣ ಒತ್ತಿದರೆ ಹಳೇ ಕಮಾಂಡ್ ಬರಬೇಕು. ಇವತ್ತು ಬೆಳಿಗ್ಗೆ ನನಗೆ ಬಂದದ್ದು 'ಟಿಬಿ ಡ್ಯಾಮ್ ನೀರು ಎಷ್ಟು'. ಇನ್ನೊಮ್ಮೆ ಒತ್ತಿದೆ. 'ಡ್ಯಾಮ್ ಒಳಹರಿವು'. ಮತ್ತೊಮ್ಮೆ. 'ಡ್ಯಾಮ್ 1633 ಅಡಿ ಆಯ್ತಾ', ಅಂದರೆ ಭರ್ತಿ ಆಯ್ತಾ ಅಂತ.

ಅಪ್ಪ!

ಸಿರುಗುಪ್ಪದ ಕಡೆ, ಟಿಬಿ ಅಂದರೆ ತುಂಗಭದ್ರಾ ಡ್ಯಾಮಿನ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆ ನಂಬಿಕೊಂಡ ಭತ್ತದ ಗದ್ದೆ ನಮ್ಮದು. ಮಳೆಗಾಲ ಬಂತು ಅಂದ್ರೆ, ಬಳ್ಳಾರಿ ಮನೆಯಲ್ಲಿ ಕೂತರೂ ಡ್ಯಾಮಿನ ಮಟ್ಟ ತಿಳಿಯದೆ ಅವರಿಗೆ ಚಹಾ ಇಳಿಯಲ್ಲ. ಕೈಗೆ ಸಿಕ್ಕ ಫೋನ್ ತಗೊಳ್ತಾರೆ. ಕರಿ ಪರದೆಯಲ್ಲಿ ಗೆರೆಯೊಂದು ಮಿನುಗುತ್ತಿದ್ದರೆ ಸಾಕು, ಅದು ಗೂಗಲ್ಲೇ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಎಂಟರ್ ಒತ್ತುತ್ತಾರೆ. 'ಕಮಾಂಡ್ ನಾಟ್ ಫೌಂಡ್', ಅಂಥ ಕಮಾಂಡೇ ಇಲ್ಲ ಅಂತ ಬಂದರೆ, "ಇನ್ನೂ ಸುದ್ದಿ ಬಂದಿಲ್ಲಂತ ನೋಡು" ಅಂತ ಫೋನ್ ಕೆಳಗಿಡ್ತಾರೆ. ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಬ್ಯಾಶ್‌ಗೋ ಸರಿ ತಪ್ಪಿನ ಗೊಡವೆ ಇಲ್ಲ. ಎಂಟರ್ ಒತ್ತಿದ್ದೆಲ್ಲ ಬರೆದಿಟ್ಟುಕೊಳ್ಳುತ್ತೆ.

ಮೊನ್ನೆಯದು ಇನ್ನೂ ಚೆಂದ. 'ಟುಡೇಸ್ ಲೆವೆಲ್' ಅಂತ ಬರೆಯುವಾಗ ನಡುವೆ ಅಪಾಸ್ಟ್ರಫಿ ಹಾಕಿಬಿಟ್ಟರು. ಬ್ಯಾಶ್ ಲೆಕ್ಕದಲ್ಲಿ ಅದು ತೆರೆದು ಮುಚ್ಚದ ಕೋಟ್. ಹಾಗಾಗಿ ಅದು ಬೈಯಲಿಲ್ಲ, ಮುಂದಿನ ಸಾಲಿಗೆ ಒಂದು '>' ಇಟ್ಟು ಕಾಯುತ್ತಾ ಕೂತಿತು. "ಹಾಂ, ಈಗ ಕೇಳ್ತೈತೆ ನೋಡು" ಅಂದರು ಅಪ್ಪ. ಶುರುವಾಯಿತು. ಒಳಹರಿವು ಎಷ್ಟು ಅಂದರು. '>'. ಕಾಲುವೆಗೆ ಯಾವಾಗ ಬಿಡ್ತಾರೆ ಅಂದರು. '>'. ಯೂರಿಯಾ ಎಲ್ಲಿ ಸಿಗುತ್ತೆ ಅಂದರು. '>'. ಜೀವಮಾನದಲ್ಲಿ ಯಾವ ಆಫೀಸಿನಲ್ಲೂ ಅವರ ಮಾತನ್ನು ಇಷ್ಟು ತಾಳ್ಮೆಯಿಂದ ಯಾರೂ ಕೇಳಿರಲಿಕ್ಕಿಲ್ಲ. ನಾನು ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದೆ. "ಮಾತಾಡ್ತಿದ್ವಿ, ಯಾಕ ಕಟ್ ಮಾಡಿದಿ?" ಅಂತ ನನ್ನ ಮೇಲೇ ಸಿಟ್ಟು.

ಅಳಿಸೋಣ ಅಂದರೆ ಅದೂ ಸಲೀಸಲ್ಲ. 'ಹಿಸ್ಟರಿ ಮೈನಸ್ ಸಿ' ಕೊಟ್ಟರೆ ಎಲ್ಲ ಮರೆತ ಹಾಗೆ ನಾಟಕ. ಬ್ಯಾಶ್ ಹಳೇ ಕಮಾಂಡ್ ಬರೆದಿಡುವ ಫೈಲಿನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತೆ, ಟರ್ಮಿನಲ್ ಮತ್ತೆ ತೆರೆದರೆ ಡ್ಯಾಮ್ ಭರ್ತಿ! 'ಮೈನಸ್ ಡಿ' ಜೊತೆ ನಂಬರ್ ಕೊಟ್ಟು ಒಂದೊಂದೇ ತೆಗೆಯಬಹುದು. ಆದರೆ ಒಂದು ಹೋದ ಕೂಡಲೇ ಅದರ ಕೆಳಗಿನವೆಲ್ಲ ಒಂದೊಂದು ನಂಬರ್ ಮೇಲೆ ಸರಿಯುತ್ತವೆ. ಅದಕ್ಕೇ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಕೊನೆಗೆ 'ಮೈನಸ್ ಡಬ್ಲ್ಯೂ' ಕೊಟ್ಟು ಫೈಲಿಗೆ ಬರೆಸಬೇಕು.

ಹಾಗೆ ಮೇಲೆ ಹೋಗುತ್ತಾ ಸಿಕ್ಕಿತು: '19 ಗೇಟ್ ಕೂಡಿಸಿದ್ರಾ'. ಅದರ ಮೇಲೆ, '19 ಗೇಟ್ ಏನಾಯ್ತು'. ನಾವಾಗಿ ಹೇಳದಿದ್ದರೆ ಬ್ಯಾಶ್ ತಾರೀಖು ತೋರಿಸಲ್ಲ. ಇದಕ್ಕೆ ಬೇಕೂ ಇಲ್ಲ ಅಲ್ವಾ? 2024ರ ಆಗಸ್ಟ್. ಚೈನ್ ಕಡಿದು ಗೇಟ್ ಕೊಚ್ಚಿಹೋಗಿ, ಕೂಡಿಟ್ಟ ನೀರು ಹೊಳೆ ಪಾಲಾಗುತ್ತಿದ್ದ ದಿನಗಳು. ಆ ವಾರ ಅಪ್ಪ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಅಂತ ಗೊತ್ತಿತ್ತು. ಎದ್ದು ಕೂತು ಇದನ್ನು ಕೇಳುತ್ತಿದ್ದರು ಅಂತ ಗೊತ್ತಿರಲಿಲ್ಲ. ಆ ಸಾಲುಗಳನ್ನು ಬಿಟ್ಟೆ.

ಉಳಿದದ್ದಕ್ಕೆ ಒಂದು ದಾರಿ ಬೇಕಲ್ಲ. "ಅಪ್ಪ, ಬರೆಯೋಕೆ ಮುಂಚೆ ಒಂದು ಸ್ಪೇಸ್ ಕೊಡಿ, ಆಗ ಇದು ನೆನಪಿಟ್ಟುಕೊಳ್ಳಲ್ಲ" ಅಂದೆ. "ಡ್ಯಾಮಿನ ನೀರಾಗ ಮುಚ್ಚಿಡೋದು ಏನೈತಪ?" ಅಂದರು. ಸುಮ್ನೆ ಬ್ಯಾಶ್‌ನ ಸೆಟ್ಟಿಂಗ್ ಫೈಲ್ ಬ್ಯಾಶ್‌ಆರ್‌ಸಿ ತೆರೆದು, ಏನನ್ನು ಬರೆದಿಡಬಾರದು ಅಂತ ಹೇಳುವ ಹಿಸ್ಟ್‌ಇಗ್ನೋರ್‌ನಲ್ಲಿ 'ಡಿ-ಎ-ಎಂ' ಇರೋ ಸಾಲು ಯಾವುದೂ ಬೇಡ ಅಂತ ಬರೆದೆ.

ಸಂಜೆ ನೋಡಿದರೆ ಅಪ್ಪ 'ಡಿ-ವೈ-ಎ-ಎಂ' ಅಂತ ಬರೆದಿದ್ದಾರೆ.