ಅಕ್ಕನ ಗಂಟು, ಕೊರಿಯಾದ ಪಾಠ

ದಾವಣಗೆರೆಯಲ್ಲಿ ರಾತ್ರಿ ಹತ್ತು ಹೊಡೆದರೆ ಇಲ್ಲಿ ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಒಂದೂವರೆ. ಆ ಹೊತ್ತಿಗೆ ಅಕ್ಕನಿಂದ ವಾಟ್ಸ್‌ಆ್ಯಪ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಆ ರಾತ್ರಿ ಬಂದದ್ದು ಸ್ಕ್ಯಾನಿಂಗ್ ವರದಿಯ ಫೋಟೊ. ಭಾವನಿಗೆ ಐವತ್ತು ತುಂಬಿತೆಂದು ಗಂಡ ಹೆಂಡತಿ ಇಬ್ಬರೂ ಯಾವುದೋ ಲ್ಯಾಬಿನ ‘ಫುಲ್ ಬಾಡಿ ಪ್ಯಾಕೇಜ್’ ಮಾಡಿಸಿಕೊಂಡಿದ್ದರು. ಭಾವನಿಗೆ ಕೊಲೆಸ್ಟರಾಲ್ ಸಿಕ್ಕಿತು, ಅಕ್ಕನಿಗೆ ಥೈರಾಯ್ಡ್ ಗಂಟು. ವರದಿಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ಬಲಭಾಗದಲ್ಲಿ ನಾಡ್ಯೂಲ್ ಕಂಡಿದೆ, ಕ್ಲಿನಿಕಲ್ ಕೋರಿಲೇಷನ್ ಅಗತ್ಯ, ಅಂದರೆ ವೈದ್ಯರು ರೋಗಿಯನ್ನು ನೋಡಿ ತಾಳೆ ಹಾಕಬೇಕು. ಅಳತೆಯಿಲ್ಲ, ಆಕಾರವಿಲ್ಲ. ವರದಿ ಕೈಗಿಟ್ಟವರು ‘ಕ್ಯಾನ್ಸರ್ ಇದ್ದರೂ ಇರಬಹುದು, ತೆಗೆಸಿಬಿಡುವುದು ಒಳ್ಳೆಯದು’ ಎಂದರಂತೆ. ನಾನು ಫೋನ್ ಮಾಡುವಷ್ಟರಲ್ಲಿ ಅಮ್ಮ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತಾಗಿತ್ತು.

ನನ್ನ ಕುತ್ತಿಗೆಯಲ್ಲೂ ಒಂದು ಗಂಟಿದೆ. ಮೂರು ವರ್ಷದ ಹಿಂದೆ ಕಂಪನಿಯ ತಪಾಸಣೆಯಲ್ಲಿ ಕಂಡದ್ದು. ಬೇಕಾದ ಪರೀಕ್ಷೆ ಆರಿಸಿಕೊಳ್ಳಿ ಎಂದು ಕೊಟ್ಟ ಹಾಳೆಯಲ್ಲಿ, ಬಿಟ್ಟಿ ಸಿಕ್ಕಿದ್ದನ್ನು ಬಿಡುವುದೇಕೆ ಎಂದು ಥೈರಾಯ್ಡ್ ಅಲ್ಟ್ರಾಸೌಂಡಿಗೂ ಗುರುತು ಹಾಕಿದ್ದೆ. ಭುಜದ ಕೆಳಗೆ ದಿಂಬಿಟ್ಟು, ಕತ್ತು ಹಿಂದಕ್ಕೆ ಬಾಗಿಸಿ, ಜೆಲ್ ಹಚ್ಚಿ ವೈದ್ಯೆಯೇ ಉಪಕರಣ ಆಡಿಸಿದರು. ಪರದೆಯ ಮೇಲೆ ಬೂದುಬಣ್ಣದ ಗ್ರಂಥಿ, ಅದರೊಳಗೆ ಹುರುಳಿಕಾಳಿನಂಥ ಕಪ್ಪು. ಎರಡೂ ಕಡೆಯಿಂದ ಅಳೆದು ‘0.8 ಸೆಂಟಿಮೀಟರ್, ಸೂಜಿ ಬೇಡ’ ಎಂದರು. ಸೂಜಿ ಎಂದರೆ ಗಂಟಿಗೆ ಚುಚ್ಚಿ, ಜೀವಕೋಶ ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ. ನಾನು ಮತ್ತೆ ಮತ್ತೆ ಕೇಳಿದೆ. ಆಕೆ ಮತ್ತೆ ಮತ್ತೆ ಬೇಡವೆಂದರು.

ಇಷ್ಟು ಧೈರ್ಯವಾಗಿ ಬೇಡ ಎನ್ನಲು ವೈದ್ಯರ ಬಳಿ ಒಂದು ಲೆಕ್ಕವಿದೆ. ಅಮೆರಿಕದ ರೇಡಿಯಾಲಜಿಸ್ಟರ ಸಂಘ 2017ರಲ್ಲಿ ಪ್ರಕಟಿಸಿದ ಟಿ-ರ್‍ಯಾಡ್ಸ್ ಪದ್ಧತಿಯಲ್ಲಿ ಗಂಟಿನ ಐದು ಲಕ್ಷಣಗಳಿಗೆ ಅಂಕ ಕೊಡುತ್ತಾರೆ. ಒಳಗೆಲ್ಲ ನೀರೇ ಇದ್ದರೆ ಸೊನ್ನೆ. ಬೆಣ್ಣೆದೋಸೆಯ ಮೈಯಂತೆ ತೂತುತೂತಾಗಿದ್ದರೂ ಸೊನ್ನೆ. ಗಟ್ಟಿಯಾಗಿದ್ದರೆ 2. ಸುತ್ತಲಿನ ಗ್ರಂಥಿಗಿಂತ ಕಪ್ಪಗಿದ್ದರೆ ಇನ್ನೂ 2. ಅಂಚು ಸೊಟ್ಟಂಬಟ್ಟವಾಗಿದ್ದರೆ ಮತ್ತೆ 2. ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ 3, ಒಳಗೆ ರವೆ ಚೆಲ್ಲಿದಂತೆ ಬಿಳಿ ಚುಕ್ಕಿಗಳಿದ್ದರೆ 3. ಒಟ್ಟು 7 ಅಥವಾ ಅದಕ್ಕಿಂತ ಹೆಚ್ಚಾದರೆ ಅತಿ ಅನುಮಾನದ ವರ್ಗ. ಅಲ್ಲಿಯೂ 1 ಸೆಂ.ಮೀ. ತುಂಬುವ ತನಕ ಸೂಜಿ ಚುಚ್ಚುವುದಿಲ್ಲ. ಒಟ್ಟು 3 ಬಂದ ಗಂಟಾದರೆ ಸೂಜಿಗೆ 2.5 ಸೆಂ.ಮೀ. ಆಗಬೇಕು. ಕೊರಿಯಾದವರ ಪದ್ಧತಿ ತುಸು ಬೇರೆ. ಅಂಕ ಕೂಡಿಸುವ ಬದಲು ಗಂಟಿನ ಒಟ್ಟು ಚಹರೆ ನೋಡಿ ವರ್ಗ ಹಚ್ಚುತ್ತಾರೆ. ಕಂಡದ್ದನ್ನೆಲ್ಲ ಚುಚ್ಚಬಾರದೆಂಬ ಮಾತು ಮಾತ್ರ ಎರಡರಲ್ಲೂ ಒಂದೇ.

ಕೊರಿಯಾದವರು ಹುಟ್ಟಾ ಜಾಣರೆಂದು ನಾನು ಹೇಳುತ್ತಿಲ್ಲ. ಇಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಆಸ್ಪತ್ರೆಗಳು ಮೇಲೊಂದಿಷ್ಟು ದುಡ್ಡಿಗೆ ಕುತ್ತಿಗೆಯ ಸ್ಕ್ಯಾನಿಂಗನ್ನೂ ಸೇರಿಸಿ ಮಾರಿದವು, ಜನ ಸಾಲುಗಟ್ಟಿದರು. 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಎಂದು ಹೇಳಲಾಯಿತು. ಸಾಯುವವರ ಸಂಖ್ಯೆ ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂದರೆ ಪತ್ತೆಯಾದದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲದ, ಸುಮ್ಮನೆ ಕೂತಿದ್ದ ಸಣ್ಣ ಗಂಟುಗಳು. ಇದಕ್ಕೆ ಇಲ್ಲಿನವರು ‘ಒಳ್ಳೆಯ ಕ್ಯಾನ್ಸರ್’ ಎಂದೇ ಹೆಸರಿಟ್ಟಿದ್ದಾರೆ. ಒಳ್ಳೆಯದಾದರೆ ಕೊಯ್ದದ್ದೇಕೆ? ಶಸ್ತ್ರಚಿಕಿತ್ಸೆಯಾದ 15,000ಕ್ಕೂ ಹೆಚ್ಚು ಜನರ ವಿಮೆಯ ದಾಖಲೆ ನೋಡಿದಾಗ, 100ಕ್ಕೆ 11 ಮಂದಿಯಲ್ಲಿ ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸೊರಗಿದ್ದವು, ಇಬ್ಬರಲ್ಲಿ ಸ್ವರತಂತುವಿನ ಚಲನೆ ನಿಂತಿತ್ತು. ಬಹುತೇಕರಿಗೆ ಆಯುಷ್ಯಪೂರ್ತಿ ಥೈರಾಯ್ಡ್ ಹಾರ್ಮೋನಿನ ಮಾತ್ರೆ. 2014ರಲ್ಲಿ ಇಲ್ಲಿನ ಕೆಲವು ವೈದ್ಯರೇ ಈ ಸ್ಕ್ಯಾನಿಂಗ್ ನಿಲ್ಲಿಸಿ ಎಂದು ಬಹಿರಂಗವಾಗಿ ಹೇಳಿದರು. ಶಸ್ತ್ರಚಿಕಿತ್ಸೆಗಳು ಒಂದೇ ವರ್ಷದಲ್ಲಿ ಸುಮಾರು ಮೂರನೇ ಒಂದು ಪಾಲು ಕುಸಿದವು. ನೆರೆಯ ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ 1993ರಿಂದಲೇ 1 ಸೆಂ.ಮೀ. ಒಳಗಿನ, ಅಪಾಯದ ಲಕ್ಷಣವಿಲ್ಲದ ಕ್ಯಾನ್ಸರನ್ನು ಕೊಯ್ಯದೆ ಕಾಯುತ್ತಿದೆ. ಹತ್ತು ವರ್ಷ ಕಾದರೂ 3 ಮಿ.ಮೀ. ಬೆಳೆದದ್ದು 100ಕ್ಕೆ 8 ಮಂದಿಯಲ್ಲಿ ಮಾತ್ರ.

ಊರಿನ ಪ್ಯಾಕೇಜುಗಳನ್ನು ಕಂಡು ನನಗೆ ಸಿಟ್ಟು ಬರುವುದು ಇದಕ್ಕೇ. ಕೊರಿಯಾ ಕೈ ಸುಟ್ಟುಕೊಂಡು ಬಿಟ್ಟ ಪಾತ್ರೆಯನ್ನು ನಾವು ಕಾಸು ಕೊಟ್ಟು ಹಿಡಿಯುತ್ತಿದ್ದೇವೆ. ಗಂಟು ಕೈಗೆ ಸಿಗುತ್ತಿದ್ದರೆ, ದನಿ ಒಡೆದಿದ್ದರೆ, ಕುತ್ತಿಗೆಯ ದುಗ್ಧಗ್ರಂಥಿ ಊದಿದ್ದರೆ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಇದ್ಯಾವುದೂ ಇಲ್ಲದ ಕುತ್ತಿಗೆಯನ್ನು ಕೆದಕಬಾರದು. ಕೆದಕಿದಿರೋ, ಅಳತೆ, ಆಕಾರ, ವರ್ಗ ಬರೆದು ಕೊಡಿ. ಇದನ್ನು ಬರೆಯಲು ಹೊಸ ಯಂತ್ರ ಬೇಕಿಲ್ಲ, ಇನ್ನೆರಡು ನಿಮಿಷ ಬೇಕು. ಬರೆದು ಕೊಡುವ ರೇಡಿಯಾಲಜಿಸ್ಟರು ನಮ್ಮಲ್ಲೂ ಇದ್ದಾರೆ, ದಾವಣಗೆರೆಯಲ್ಲೇ ಇದ್ದಾರೆ.

ಅಂಥವರೊಬ್ಬರ ಬಳಿ ಅಕ್ಕ ಮತ್ತೆ ಸ್ಕ್ಯಾನಿಂಗ್ ಮಾಡಿಸಿದಳು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನ ಕೆಳಗೆ ಒಂದು ಗಂಟೆ ಕಾದು ಕೂತಿದ್ದಳಂತೆ. ಈ ಸಲದ ವರದಿಯಲ್ಲಿ ಎಲ್ಲವೂ ಇತ್ತು: 1.4 ಸೆಂ.ಮೀ., ಗಟ್ಟಿ, ಸುತ್ತಲಿನ ಗ್ರಂಥಿಯದೇ ಬಣ್ಣ, ನುಣುಪಾದ ಅಂಚು, ಚುಕ್ಕಿಗಳಿಲ್ಲ. ಗಟ್ಟಿಯಾದ್ದಕ್ಕೆ ಎರಡು, ಬಣ್ಣಕ್ಕೆ ಒಂದು, ಸೇರಿ ಮೂರು ಅಂಕ. ಸೂಜಿ ಹಾಗಿರಲಿ, ಆ ಲೆಕ್ಕದಲ್ಲಿ 1.5 ಸೆಂ.ಮೀ. ಆಗದೆ ಮರುತಪಾಸಣೆಯೂ ಬೇಕಿಲ್ಲ. ಅಮ್ಮ ಮಾತ್ರ ಹರಕೆ ತೀರಿಸಲೇಬೇಕೆಂದು ಹಟ ಹಿಡಿದು ಎಲ್ಲರನ್ನೂ ಉಕ್ಕಡಗಾತ್ರಿಗೆ ಹೊರಡಿಸಿದಳು.

ಹೋದ ವಾರ ಭಾವ ಫೋನ್ ಮಾಡಿದ್ದರು. ಆ ಹಳೆಯ ಲ್ಯಾಬಿನವರು ವರ್ಷ ತುಂಬಿತೆಂದು ಇಬ್ಬರ ದುಡ್ಡಿಗೆ ಮೂವರ ತಪಾಸಣೆ ಮಾಡಿಕೊಡುತ್ತಾರಂತೆ. ‘ದೀಪಾವಳಿಗೆ ಬರುತ್ತೀಯಲ್ಲ, ನಿನ್ನ ಹೆಸರೂ ಬರೆಸಲೇನಪ್ಪ?’ ಎಂದು ಕೇಳಿದರು.